ತೃಪ್ತಿಕರ ಎಂದವರು ನೀರು ನೋಡಿದ್ದಾರೆಯೇ?

ಮಾನ್ಯರೇ,

ನಮ್ಮ ಬಡಾವಣೆಯ ಈಜುಕೊಳದ ಬಗ್ಗೆ ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿಯನ್ನು ಓದಿ ಸಿಟ್ಟು ತಡೆಯಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ನೀರಿನ ಗುಣಮಟ್ಟ ತೃಪ್ತಿಕರವಾಗಿದೆ, ಪೋಷಕರು ಆತಂಕಪಡಬೇಕಾಗಿಲ್ಲ ಎಂದು ಅಧಿಕಾರಿಗಳು ಹೇಳಿರುವುದಾಗಿ ಅದರಲ್ಲಿದೆ. ಆ ಹೇಳಿಕೆ ಅಚ್ಚಾದ ಬೆಳಿಗ್ಗೆ ನನ್ನ ಮಗಳು ಕಿವಿ ಹಿಡಿದುಕೊಂಡು ಅಳುತ್ತಾ ವೈದ್ಯರ ಮುಂದೆ ಕುಳಿತಿದ್ದಳು. ಆ ಕೊಳದ ಬೇಸಿಗೆ ಶಿಬಿರದ ಶುಲ್ಕ ಹೋಯಿತು, ನಾನು ಕೆಲಸಕ್ಕೆ ರಜೆ ಹಾಕಬೇಕಾಯಿತು, ತೀರ್ಥಹಳ್ಳಿಯಲ್ಲಿ ಅಣ್ಣನ ಮನೆಯ ಗೃಹಪ್ರವೇಶವೂ ತಪ್ಪಿತು. ಹಣ ವಾಪಸು ಕೇಳಿದರೆ ರಸೀದಿಯ ಹಿಂಬದಿಯ ನಿಯಮ ಓದಿ ಎನ್ನುತ್ತಾರೆ.

ಅಲ್ಲಿನ ಫಲಕವನ್ನು ಅಧಿಕಾರಿಗಳು ಹತ್ತಿರ ಹೋಗಿ ನೋಡಿದ್ದಾರೆಯೇ? ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.4, ಕ್ಲೋರಿನ್ 1.5 ಎಂದು ಅದರಲ್ಲಿದೆ. ಎರಡೂ ಒಳ್ಳೆಯ ಅಂಕಿಗಳೇ. ಆದರೆ ಅವನ್ನು ಸೀಮೆಸುಣ್ಣದಲ್ಲಿ ಬರೆದಿಲ್ಲ, ಎಣ್ಣೆ ಬಣ್ಣದಲ್ಲಿ ಬರೆಸಿದ್ದಾರೆ. ದಿನಾಂಕದ ಜಾಗ ಮಾತ್ರ ಖಾಲಿ ಇದೆ. ಬಿಸಿಲಿಗೇ ಕ್ಲೋರಿನ್ ಇಳಿಯುತ್ತದೆ, ಮಕ್ಕಳ ಒಂದು ತಂಡ ಇಳಿದು ಹತ್ತಿದರೆ ಇನ್ನಷ್ಟು ಇಳಿಯುತ್ತದೆ, ಆದ್ದರಿಂದ ದಿನಕ್ಕೆ ಹಲವು ಬಾರಿ ಅಳೆಯಬೇಕಾದ ಸಂಖ್ಯೆಯನ್ನು ಒಮ್ಮೆ ಬರೆಸಿ ವರ್ಷವಿಡೀ ತೋರಿಸುವುದು ಮೋಸವಲ್ಲದೆ ಮತ್ತೇನು? ಪಿಎಚ್ 8 ದಾಟಿದರೆ ಹಾಕಿದ ಕ್ಲೋರಿನ್ನಿನ ಶಕ್ತಿಯೂ ಬಹುಪಾಲು ಉಡುಗಿಹೋಗುತ್ತದೆ.

ಮಕ್ಕಳ ಕಣ್ಣು ಕೆಂಪಾಗುತ್ತಿದೆ ಎಂದಾಗ, ‘ಕ್ಲೋರಿನ್ ಚೆನ್ನಾಗಿ ಹಾಕಿದ್ದೇವೆ ಮೇಡಂ, ಅದಕ್ಕೇ ಉರಿ’ ಎಂದು ಅಲ್ಲಿನ ಮೇಲ್ವಿಚಾರಕರು ಸಮಾಧಾನ ಹೇಳಿದರು. ಬೆವರು, ಮೂತ್ರಗಳೊಂದಿಗೆ ಸೇರಿದ ಕ್ಲೋರಿನ್ ಕ್ಲೋರಮೈನ್ ಆಗಿ ನೀರಲ್ಲಿ ಉಳಿದಾಗಲೇ ಆ ಘಾಟೂ ಕಣ್ಣುರಿಯೂ ಹೆಚ್ಚಾಗಿ ಬರುವುದು ಎಂಬಷ್ಟೂ ಅವರಿಗೆ ತಿಳಿದಿಲ್ಲ. ನಾವು ಹೋದಾಗ ಫಿಲ್ಟರ್ ಮೋಟಾರು ನಿಂತಿತ್ತು. ಗಾಳಿ ತುಂಬಿದ ಟ್ಯೂಬು ಬೀಗ ಹಾಕಿದ ಕೋಣೆಯೊಳಗಿತ್ತು. ಆಳದ ಗುರುತು ಅಳಿಸಿಹೋಗಿತ್ತು. 2024ರ ನವೆಂಬರಿನಲ್ಲಿ ಉಳ್ಳಾಲದ ಬಳಿ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತದ್ದನ್ನು ಇಷ್ಟು ಬೇಗ ಮರೆತೆವೇ? ಅದೇ ವರ್ಷ ಪಕ್ಕದ ಕೇರಳದಲ್ಲಿ ಮೂಗಿನಿಂದ ಮಿದುಳಿಗೇರುವ ಅಮೀಬಾ ಮಕ್ಕಳನ್ನು ಬಲಿ ತೆಗೆದುಕೊಂಡಿತು. ತುಂಗೆಯ ಸುಳಿಗೆ ಹೆದರಿ ಮಕ್ಕಳನ್ನು ಕೊಳಕ್ಕೆ ಕಳಿಸುವ ನಮ್ಮಂಥವರು ಇನ್ನೆಲ್ಲಿಗೆ ಹೋಗಬೇಕು?

ಈಜುಕೊಳದ ನೀರಿಗೆಂದೇ ಐಎಸ್ 3328 ಎಂಬ ಭಾರತೀಯ ಮಾನದಂಡವಿದೆ. ಅಮೆರಿಕದಲ್ಲಿ, ತಳದ ಕಿಂಡಿಯ ಸೆಳೆತಕ್ಕೆ ಸಿಕ್ಕಿ ಮಗುವೊಂದು ಸತ್ತ ಮೇಲೆ, ಸಾರ್ವಜನಿಕ ಕೊಳಗಳ ಕಿಂಡಿಗೆ ಸುರಕ್ಷಿತ ಮುಚ್ಚಳ ಕಡ್ಡಾಯ ಮಾಡಿ 2007ರಲ್ಲಿ ಕಾನೂನೇ ತಂದರು. ಬಿಸಿನೀರಿನ ತೊಟ್ಟಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬ ಮಿತಿ ಅಲ್ಲಿನ ರಾಜ್ಯಗಳ ನಿಯಮಗಳಲ್ಲಿದೆ. ಇಲ್ಲಿ ಸಾಗರ, ಹೊಸನಗರದ ಕಡೆಯ ಹೋಂಸ್ಟೇಗಳಲ್ಲೂ ಈಗ ಕೊಳಗಳಾಗಿವೆ. ಅವುಗಳ ನೀರನ್ನು ಅಳೆಯುವವರು ಯಾರು?

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ನಲ್ಲಿಯಲ್ಲಿ ಕೆಸರು ಬಂದಾಗಲೂ ಇದೇ ‘ತೃಪ್ತಿಕರ’ ಎಂಬ ಉತ್ತರ ಬಂದಿತ್ತು. ನಾವು ಬಾಟಲಿಯಲ್ಲಿ ತುಂಬಿ ಮೇಜಿನ ಮೇಲಿಟ್ಟ ನೀರನ್ನು ಆ ಅಧಿಕಾರಿ ತಲೆಯೆತ್ತಿಯೂ ನೋಡಲಿಲ್ಲ. ದೂರು ಕೊಟ್ಟವರನ್ನೇ ಕಚೇರಿಯಿಂದ ಕಚೇರಿಗೆ ಅಲೆಸುವ ಚಾಳಿ ಇವರಿಗೆ ಅಂಟಿಹೋಗಿದೆ.

ಈ ಕೊಳವನ್ನು ತಕ್ಷಣ ಮುಚ್ಚಿಸಬೇಕು. ಇಲ್ಲವೇ ಪ್ರತಿದಿನ ನೀರು ಅಳೆದು, ಅಳೆದವರ ಸಹಿಯೊಂದಿಗೆ ಬಾಗಿಲಲ್ಲೇ ಬರೆಯಿಸಬೇಕು, ಶುಲ್ಕವನ್ನೂ ಹಿಂದಿರುಗಿಸಬೇಕು. ಕೊಳಕ್ಕೆ ಕಾಲಿಡದೆ ತೃಪ್ತಿಕರ ಎಂದು ಬರೆದುಕೊಟ್ಟವರಿಗೆ ನಾಚಿಕೆಯಾಗಬೇಕು.

ಒಬ್ಬ ತಾಯಿ, ಶಿವಮೊಗ್ಗ