ಲಿಂಕ್ಡ್‌ಇನ್ ಪ್ರೊಫೈಲ್ ಕುರಿತು ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಕೆಲಸದ ಅನುಭವವಿಲ್ಲವೆಂದು ಲಿಂಕ್ಡ್‌ಇನ್ ಪ್ರೊಫೈಲನ್ನು ಖಾಲಿ ಬಿಟ್ಟಿರುವವರು ದಯವಿಟ್ಟು ಗಮನಿಸಬೇಕು. ಹೆಸರಿನ ಕೆಳಗಿನ ಸಾಲಿನಲ್ಲಿ 220 ಅಕ್ಷರಗಳಿಗೆ ಅವಕಾಶವಿದ್ದು, ಅಲ್ಲಿ ‘ವಿದ್ಯಾರ್ಥಿ’ ಎಂದಷ್ಟೇ ಬರೆಯುವ ಬದಲು ‘ಬಿ.ಕಾಂ. ಅಂತಿಮ ವರ್ಷ, ಟ್ಯಾಲಿ ಮತ್ತು ಜಿಎಸ್‌ಟಿ ಲೆಕ್ಕಪತ್ರ, ಶಿರಸಿ’ ಎಂದು ಬರೆದರೆ ಹುಡುಕುವವರ ಕಣ್ಣಿಗೆ ಬೀಳುತ್ತೀರಿ. ನಮ್ಮ ಸದಸ್ಯೆಯೊಬ್ಬರು ಎರಡು ಸುಗ್ಗಿ ಅಡಿಕೆ ಮಂಡಿಯಲ್ಲಿ ಕುಳಿತು ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ತೂಕವನ್ನು ಎಕ್ಸೆಲ್‌ನಲ್ಲಿ ದಾಖಲಿಸಿದ್ದರೂ ಅದನ್ನು ಪ್ರೊಫೈಲಿನಲ್ಲಿ ಬರೆದೇ ಇರಲಿಲ್ಲ. ನನ್ನ ಮಟ್ಟಿಗೆ ಅದು ನಿಜವಾದ ಅನುಭವವೇ ಹೌದು. ಮಾಡದ ಕೆಲಸವನ್ನು ಮಾತ್ರ ಖಂಡಿತ ಬರೆಯಬೇಡಿ. ಫೋಟೋ ಸ್ಪಷ್ಟವಾಗಿರಲಿ (ಮದುವೆಮನೆಯ ಗುಂಪು ಫೋಟೋದಿಂದ ಕತ್ತರಿಸಿದ್ದು ಬೇಡ). ಪ್ರೊಫೈಲಿನ ಲಿಂಕನ್ನು ಭಾನುವಾರದೊಳಗೆ ಇಲ್ಲಿ ಕಳುಹಿಸಿದರೆ, ಪ್ರತಿಯೊಂದನ್ನೂ ಓದಿ ತಿದ್ದುಪಡಿಗಳನ್ನು ತಿಳಿಸುತ್ತೇನೆ.