ಸುರಕ್ಷತೆಯನ್ನೂ ಗುತ್ತಿಗೆಗೆ ಕೊಡಬೇಡಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ದೊಡ್ಡ ಕಾರ್ಖಾನೆಗಳ ಗೇಟಿನ ಹತ್ತಿರ ಒಂದು ಬೋರ್ಡು ಇರುತ್ತದೆ. ಅಪಘಾತವಿಲ್ಲದೆ ಇಷ್ಟು ದಿನ ಕಳೆದಿದೆ ಅಂತ ಅದರಲ್ಲಿ ಬರೆದಿರುತ್ತಾರೆ. ಮುಂದಿನ ಸಲ ಭೇಟಿ ಕೊಟ್ಟಾಗ ಒಂದು ಪ್ರಶ್ನೆ ಕೇಳಿ: ಈ ಲೆಕ್ಕದಲ್ಲಿ ಗುತ್ತಿಗೆ ಕಾರ್ಮಿಕರೂ ಸೇರಿದ್ದಾರಾ? ಸತ್ತವನು ಕಂಪನಿಯವನಲ್ಲ, ಗುತ್ತಿಗೆದಾರನ ಕೆಳಗಿನ ಉಪಗುತ್ತಿಗೆದಾರನ ಕಡೆಯವನು ಅಂತ ಹೇಳಿಬಿಟ್ಟರೆ ಆ ಸಾವು ಯಾರ ಖಾತೆಗೂ ಬೀಳುವುದಿಲ್ಲ.

ನನ್ನ ಕೋರಿಕೆ ಒಂದೇ. ಅಪಾಯ ಯಾರ ಆವರಣದಲ್ಲಿದೆಯೋ ಹೊಣೆಯೂ ಅವರದ್ದೇ ಆಗಲಿ. ಸಂಬಳ ಯಾರು ಕೊಡುತ್ತಾರೆ ಅನ್ನುವುದು ಬೇರೆ ಮಾತು.

ಯಾವ ಕೆಲಸಗಳು ಗುತ್ತಿಗೆಗೆ ಹೋಗುತ್ತವೆ ನೋಡಿ. ಟ್ಯಾಂಕ್ ತೊಳೆಯುವುದು, ಎತ್ತರದ ಶೀಟ್ ಬದಲಾಯಿಸುವುದು, ರಿಪೇರಿಗೆಂದು ಘಟಕ ನಿಲ್ಲಿಸುವ ಶಟ್‌ಡೌನ್ ಸಮಯದ ವೆಲ್ಡಿಂಗ್. ಅಂದರೆ ಜಾಸ್ತಿ ಅಪಾಯದವೇ. ಮಾಡುವವನು ಮೊನ್ನೆ ತಾನೇ ಬಂದವನು. ಈ ಪೈಪಿನಲ್ಲಿ ಮೊದಲು ಏನು ಹರಿಯುತ್ತಿತ್ತು ಅಂತ ಅವನಿಗೆ ಗೊತ್ತಿಲ್ಲ, ಗೊತ್ತಿರುವ ಕಾಯಂ ನೌಕರ ಅವನ ಜೊತೆ ಇರುವುದಿಲ್ಲ.

ಟ್ಯಾಂಕ್ ವಿಷಯವನ್ನೇ ತೆಗೆದುಕೊಳ್ಳಿ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21% ಇರುತ್ತದೆ. ಅದು 19.5%ಕ್ಕಿಂತ ಕೆಳಗಿಳಿದರೆ ಒಳಗೆ ಹೋಗಬಾರದು ಅನ್ನುವುದು ಸಾಮಾನ್ಯ ನಿಯಮ. ಟ್ಯಾಂಕಿನಲ್ಲಿ ಆಮ್ಲಜನಕದ ಜಾಗ ಹಿಡಿಯುವ ನೈಟ್ರೋಜನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸಗಾರ: ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ, ಹೆಚ್ಚಾದರೆ ಮೂಗೇ ಸತ್ತು ಹೋಗುತ್ತದೆ, ಗ್ಯಾಸ್ ಹೋಯಿತು ಅಂದುಕೊಂಡು ಮನುಷ್ಯ ಒಳಗೇ ಉಳಿಯುತ್ತಾನೆ. ಅವನು ಬಿದ್ದಿದ್ದನ್ನು ನೋಡಿ ಜೊತೆಗಾರ ಇಳಿಯುತ್ತಾನೆ, ಅವನ ಹಿಂದೆ ಇನ್ನೊಬ್ಬ. ಇಂಥ ಸಾವುಗಳಲ್ಲಿ ಕಾಪಾಡಲು ಹೋದವರ ಪಾಲು ದೊಡ್ಡದು. ಗ್ಯಾಸ್ ಮೀಟರ್ ಹಿಡಿದು ಅಳೆದು, ಹೊರಗೆ ಒಬ್ಬ ಕಾವಲು ನಿಂತು, ಹಗ್ಗ ಕಟ್ಟಿ ಇಳಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ, ಅಲ್ವಾ?

ಇದನ್ನು ಅರ್ಧ ಗಂಟೆಯ ವಿಡಿಯೊ ಕಲಿಸುವುದಿಲ್ಲ. ಈಗ ನಡೆಯುವುದು ಬಹುಪಾಲು ಅದೇ. ಅರ್ಥವಾಗದ ಭಾಷೆಯಲ್ಲಿ ವಿಡಿಯೊ, ಕೊನೆಗೆ ಸಹಿ, ಕೈಗೆ ಗೇಟ್ ಪಾಸ್. ಆ ಸಹಿ ಕಾರ್ಮಿಕನನ್ನು ಕಾಪಾಡುವುದಿಲ್ಲ, ಕಂಪನಿಯ ವಕೀಲರನ್ನು ಕಾಪಾಡುತ್ತದೆ. ತರಬೇತಿ ಅಂದರೆ ಅದೇ ಜಾಗದಲ್ಲಿ, ಅವನ ಭಾಷೆಯಲ್ಲಿ, ಅವತ್ತಿನ ಕೆಲಸದ ಬಗ್ಗೆ ಆಗಬೇಕು. ಆ ಹೊತ್ತಿನ ಕೂಲಿಯೂ ಸಿಗಬೇಕು.

ಇದು ಹೊಸ ಪಾಠವೇನಲ್ಲ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು. ರಿಪೇರಿಗೆಂದು ಒಂದು ಪಂಪಿನ ಸುರಕ್ಷತಾ ವಾಲ್ವ್ ತೆಗೆದಿದ್ದರು. ಆ ಮಾತು ಮುಂದಿನ ಶಿಫ್ಟಿನವರಿಗೆ ತಲುಪಲಿಲ್ಲ, ಅವರು ಪಂಪ್ ಚಾಲೂ ಮಾಡಿದರು, ಗ್ಯಾಸ್ ಸೋರಿ ಸ್ಫೋಟವಾಯಿತು. ರಿಪೇರಿ ಕೆಲಸದ ಪರ್ಮಿಟ್ ಕಾಗದ ಇತ್ತು, ಅದನ್ನು ಸರಿಯಾಗಿ ತಿಳಿಸುವ ವ್ಯವಸ್ಥೆ ಇರಲಿಲ್ಲ. ಮರುವರ್ಷ ಅಮೆರಿಕದ ಪಸಡೀನಾದ ಪ್ಲಾಸ್ಟಿಕ್ ಘಟಕದಲ್ಲಿ ಗುತ್ತಿಗೆಯವರು ನಿರ್ವಹಣಾ ಕೆಲಸ ಮಾಡುವಾಗ ಗ್ಯಾಸ್ ಸೋರಿ ಸ್ಫೋಟವಾಯಿತು, 23 ಜನ ಹೋದರು. 1992ರಲ್ಲಿ ಅಲ್ಲಿ ಬಂದ ನಿಯಮ ಗುತ್ತಿಗೆದಾರನನ್ನು ಆರಿಸುವಾಗ ಅವನ ಸುರಕ್ಷತಾ ದಾಖಲೆ ನೋಡಬೇಕು, ಘಟಕದ ಅಪಾಯಗಳನ್ನು ಅವನಿಗೆ ತಿಳಿಸಬೇಕು ಎಂದು ಗುತ್ತಿಗೆ ಕೊಡುವ ಮೂಲ ಕಂಪನಿಗೇ ಹೇಳಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಪ್ಪಂದವೂ ಒಂದೇ ಜಾಗದಲ್ಲಿ ಎರಡು ಸಂಸ್ಥೆಗಳು ಕೆಲಸ ಮಾಡಿದರೆ ಸುರಕ್ಷತೆಗೆ ಕೈಜೋಡಿಸಲೇಬೇಕು ಅನ್ನುತ್ತದೆ.

ಇನ್ನು ದುಡ್ಡಿನ ಮಾತು. ಕಡಿಮೆ ಬೆಲೆ ಕೂಗಿದವನಿಗೆ ಟೆಂಡರ್ ಕೊಟ್ಟರೆ ಅವನು ಎಲ್ಲಿ ಉಳಿಸುತ್ತಾನೆ? ಎತ್ತರದಿಂದ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್‌ನಲ್ಲಿ, ತರಬೇತಿಯಲ್ಲಿ, ಮೇಲ್ವಿಚಾರಕನ ಸಂಬಳದಲ್ಲಿ. ಸುರಕ್ಷತೆಯ ಖರ್ಚನ್ನು ಟೆಂಡರಿನಲ್ಲಿ ಬೇರೆ ಸಾಲಾಗಿ ಇಡಿಸಿ, ಅದರ ಮೇಲೆ ಚೌಕಾಸಿ ಬೇಡ. ತಪಾಸಣೆಗೆ ಬರುವ ಅಧಿಕಾರಿಗಳು ಸುಮ್ನೆ ಫೈಲು ನೋಡಿ ಹೋಗದೆ ಮೇಲ್ವಿಚಾರಕ ಇಲ್ಲದ ಕಡೆ ಕಾರ್ಮಿಕನನ್ನು ಮಾತಾಡಿಸಲಿ. ಅಪಾಯ ಕಂಡು ಕೆಲಸ ನಿಲ್ಲಿಸಿದವನ ಗೇಟ್ ಪಾಸ್ ಮರುದಿನ ರದ್ದಾದರೆ ಅದಕ್ಕೆ ಮೂಲ ಕಂಪನಿ ಉತ್ತರ ಕೊಡಲಿ.

ಇದಕ್ಕೆಲ್ಲ ಹೊಸ ಕಾನೂನು ಬರಲಿ ಅಂತ ಕಾಯಬೇಕಿಲ್ಲ. ಸರ್ಕಾರವೇ ದೊಡ್ಡ ಗುತ್ತಿಗೆ ಕೊಡುವ ಸಂಸ್ಥೆ. ನಿಮ್ಮ ಇಲಾಖೆ ಈ ತಿಂಗಳು ಕರೆಯುವ ಟೆಂಡರಿನಲ್ಲೇ ಈ ಷರತ್ತುಗಳನ್ನು ಸೇರಿಸಬಹುದು. ಸೇರಿಸುತ್ತೀರಾ?

ಇಂತಿ,
ಒಬ್ಬ ನಾಗರಿಕ