ಅಲ್ಲಿ ಜಾಗ ಇರ್ಲಿಲ್ಲ ಮಾರಾಯ

ಲೋ ಮಾರಾಯ,

ಫೋನಲ್ಲಿ ನಿನ್ನ ಹತ್ರ ವಾದ ಮಾಡಿ ಗೆಲ್ಲೋಕಾಗಲ್ಲ, ನೀನು ಉಸಿರೇ ಬಿಡಲ್ಲ, ಅದಕ್ಕೇ ಬರೀತಾ ಇದ್ದೀನಿ. ಇಲ್ಲಿ ಮೂರು ದಿನದಿಂದ ಮಳೆ, ಕರೆಂಟ್ ಬಂದ್ರೆ ಬಂತು ಹೋದ್ರೆ ಹೋಯ್ತು, ತೋಟದ ಕಡೆ ಕಾಲಿಡೋ ಹಾಗಿಲ್ಲ ಜಿಗಣೆ, ಮೊಬೈಲಲ್ಲಿ ಹಳೇ ಮೋಟೋಜಿಪಿ ಬೈಕ್ ರೇಸ್ ನೋಡ್ತಾ ಒಲೆ ಹತ್ರ ಕೂತಿದ್ದೆ. ಮೊನ್ನೆ ನೀನು ಅಂದ್ಯಲ್ಲ, "ತಾಗದೆ ಓವರ್‌ಟೇಕ್ ಮಾಡೋಕೆ ಅದೇನು ಮದುವೆ ದಿಬ್ಬಣನಾ" ಅಂತ. ಆಗ ನಕ್ಕೆ. ಆಮೇಲೆ ಅದೇ ಮಾತು ತಲೇಲಿ ಕೂತ್ಬಿಡ್ತು.

ಪೋರ್ಚುಗಲ್ಲಿನ ಪೋರ್ಟಿಮಾವೊದ 2023ರ ರೇಸ್ ಮತ್ತೆ ನೋಡಿದೆ. ಸೀಸನ್ನಿನ ಮೊದಲ್ನೇ ರೇಸು, ಮೂರನೇ ಲ್ಯಾಪು, ಮಾರ್ಕ್ವೆಜ್ ಬ್ರೇಕ್ ಹಿಡಿಯೋದು ತಡ ಆಗಿ ಮುಂದಿನ ಚಕ್ರ ಲಾಕ್ ಆಗಿ, ಮೊದ್ಲು ಮಾರ್ಟಿನ್‌ಗೆ ಸವರಿ ಸೀದಾ ಹೋಗಿ ಒಲಿವೇರಾಗೆ ಗುದ್ದಿದ. ಪಾಪ ಒಲಿವೇರಾ, ಅವನ ದೇಶದ ಜನ ಅವನಿಗೋಸ್ಕರನೇ ಬಂದಿದ್ರು, ತನ್ನ ಪಾಡಿಗೆ ಬೈಕ್ ವಾಲಿಸ್ಕೊಂಡು ತಿರುವಲ್ಲಿದ್ದ, ಬೆನ್ನಲ್ಲಿ ಕಣ್ಣಿರತ್ತಾ ಯಾರಿಗಾದ್ರೂ? ಮುಂದಿನ ರೇಸಿಗೆ ಅವನು ಇಳೀಲೇ ಇಲ್ಲ. ಶಿಕ್ಷೆ ಅಂತ ಮಾರ್ಕ್ವೆಜ್‌ಗೆ ಎರಡು ಲಾಂಗ್ ಲ್ಯಾಪ್ ಕೊಟ್ರು, ಅಂದ್ರೆ ರೇಸ್ ಮಧ್ಯೆ ಎರಡು ಸಲ ಸುತ್ತು ದಾರೀಲಿ ಹೋಗಿ ಟೈಮ್ ಕಳ್ಕೋಬೇಕು, ಅದೂ ಅರ್ಜೆಂಟೀನಾ ರೇಸಲ್ಲಿ ಅಂತ ಕಾಗದದಲ್ಲಿ ಬರೆದಿದ್ರು, ಆದ್ರೆ ಅವನಿಗೂ ಹೆಬ್ಬೆರಳ ಬುಡದ ಮೂಳೆ ಮುರಿದಿತ್ತಲ್ಲ, ಅರ್ಜೆಂಟೀನಾಗೆ ಹೋಗ್ಲಿಲ್ಲ. ಹಾಗಾದ್ರೆ ವಾಪಸ್ ಬಂದಾಗ ಮುಗಿಸ್ಲಿ ಅಂತ ತೀರ್ಪು ಕೊಡೋ ಸ್ಟ್ಯೂವರ್ಡ್‌ಗಳು ತಿದ್ದಿದ್ರು, ಅವನ ಟೀಮು ಹೋಂಡಾದವ್ರು ಅಪೀಲ್ ಹೋದ್ರು, ತಿದ್ದಿದ್ದು ರದ್ದಾಯ್ತು. ಅಲ್ಲಿಗೆ ಶಿಕ್ಷೆನೂ ಇಲ್ಲ ಎಂತದೂ ಇಲ್ಲ. ನಮ್ಮ ತಾಲೂಕು ಆಫೀಸಿನ ಕಾಗದಾನೇ ಎಷ್ಟೋ ವಾಸಿ ಅನ್ನಿಸ್ತು ನಂಗೆ. ಆದ್ರೆ ಒಂದು ಒಪ್ಕೋಬೇಕು, ಅವತ್ತೇ ಅವನು ಒಲಿವೇರಾ ಗ್ಯಾರೇಜಿಗೆ ಹೋಗಿ ತಪ್ಪಾಯ್ತು ಅಂದ. 2018ರಲ್ಲಿ ಅರ್ಜೆಂಟೀನಾದಲ್ಲಿ ರೋಸ್ಸಿನ ಬೀಳ್ಸಿ ಹಿಂಗೇ ಕ್ಷಮೆ ಕೇಳೋಕೆ ಹೋದಾಗ ರೋಸ್ಸಿ ಕಡೆಯವ್ರು ಬಾಗಿಲಲ್ಲೇ ವಾಪಸ್ ಕಳ್ಸಿದ್ರು, ನೆನಪುಂಟಾ?

ನೀನೀಗ ಅಂತೀಯ, ನಿಂಗೆ ಮಾರ್ಕ್ವೆಜ್ ಕಂಡ್ರೆ ಆಗಲ್ಲ ಅಷ್ಟೇ ಅಂತ. ಸರಿ, ರೋಸ್ಸಿದೇ ತಗೋ. 2005, ಸ್ಪೇನಿನ ಹೆರೆಜ್, ಕೊನೇ ತಿರುವು, ರೋಸ್ಸಿ ಒಳಗೆ ನುಗ್ಗಿ ತಾಗಿಸಿ ಗಿಬರ್ನೌ ಗ್ರ್ಯಾವೆಲ್ಲಿಗೆ ಹೋದ. ನಾನು ಕುಣಿದಿದ್ದೆ. ಎಂಟು ವರ್ಷ ಬಿಟ್ಟು ಅದೇ ತಿರುವಲ್ಲಿ ಮಾರ್ಕ್ವೆಜ್ ಲೊರೆಂಜೊಗೆ ಅದನ್ನೇ ಮಾಡ್ದಾಗ ಬಾಯಿಗೆ ಬಂದಂಗೆ ಬೈದಿದ್ದೆ. ಎರಡನ್ನೂ ಈಗ ಒಂದರ ಹಿಂದೊಂದು ಹಾಕಿ ನೋಡ್ದೆ, ಬೈಕಿನ ಬಣ್ಣ ಬಿಟ್ರೆ ನಂಗೆ ಜಾಸ್ತಿ ವ್ಯತ್ಯಾಸ ಕಾಣ್ಲಿಲ್ಲ, ನಾಚಿಕೆ ಆಯ್ತು.

ಹಾಗಂತ ಮೆತ್ತಗೆ ಓಡ್ಸಿ ಅಂತಲ್ಲ. 2009ರ ಕ್ಯಾಟಲುನ್ಯಾ ಇದ್ಯಲ್ಲ, ಕೊನೇ ಲ್ಯಾಪ್ ಕೊನೇ ತಿರುವು, ಅಲ್ಲಿ ಯಾರೂ ಓವರ್‌ಟೇಕ್ ಮಾಡಲ್ಲ ಅಂತ ಲೊರೆಂಜೊ ನಂಬಿದ್ದ, ರೋಸ್ಸಿ ಒಳಗಿಂದ ಬಂದ. ಅದಕ್ಕಿಂತ ಗುಂಡಿಗೆ ಬೇಕಾ? ಆದ್ರೆ ಅಲ್ಲೊಂದು ವಿಷಯ ಉಂಟು, ಲೊರೆಂಜೊ ಅಲ್ಲಿ ಇಲ್ದಿದ್ರೂ ರೋಸ್ಸಿ ಆ ತಿರುವು ತಿರುಗ್ತಿದ್ದ, ಅವನ ಬ್ರೇಕು ಅವನ ಕೈಲಿತ್ತು. ಒಲಿವೇರಾ ಇಲ್ದಿದ್ರೆ ಮಾರ್ಕ್ವೆಜ್ ಎಲ್ಲಿಗೆ ಹೋಗ್ತಿದ್ದ ಹೇಳು? ಇನ್ನೊಬ್ಬನ ಬೈಕನ್ನೇ ಬ್ರೇಕ್ ಮಾಡ್ಕೊಳ್ಳೋದು ಓವರ್‌ಟೇಕ್ ಅಲ್ಲ ಕಣೋ.

ಸವಾರರಿಗೂ ಕಷ್ಟ ಇದೆ ಅನ್ನು. ಮುಂದಿನ ಬೈಕಿನ ಹಿಂದೆ ಗಾಳಿ ತಡೆಯೋದು ಕಮ್ಮಿ, ಹಾಗಾಗಿ ದಿನಾ ಬ್ರೇಕ್ ಹಿಡಿಯೋ ಜಾಗದಲ್ಲೇ ಹಿಡಿದ್ರೂ ಬೈಕ್ ನಿಲ್ಲಲ್ಲ, ಮೇಲಿಂದ ಮುಂದಿನವನ ಬಿಸಿ ಗಾಳಿಗೆ ಮುಂದಿನ ಟೈರ್ ಕಾದು ಪ್ರೆಶರ್ ಏರಿ ಗ್ರಿಪ್ ಹೋಗತ್ತೆ. ಬ್ರೇಕ್ ಲಿವರ್‌ಗೆ ಗಾರ್ಡ್ ಕಡ್ಡಾಯ ಮಾಡಿರೋದು ಯಾಕೆ, ಪಕ್ಕದವನು ತಾಗಿದ್ರೆ ಲಿವರ್ ಒತ್ತಿ ಚಕ್ರ ನಿಂತ್ಬಿಡತ್ತೆ ಅಂತ. ಇದೆಲ್ಲ ಹಿಂದಿಂದ ಬರೋನಿಗೆ ಗೊತ್ತಿರತ್ತೆ ಅಲ್ವಾ, ಗೊತ್ತಿದ್ದೇ ಬರ್ತಾನೆ. ಮುಂದಿರೋನಿಗೆ ಗೊತ್ತಾಗೋದು ತಾಗಿದ ಮೇಲೆ.

ನೀನು ಹಾಕಿ ಆಡಿದೋನು, ಫುಲ್‌ಬ್ಯಾಕು. ನಾಪೋಕ್ಲಲ್ಲಿ ಹಾಕಿ ಹಬ್ಬ ನೋಡ್ತಾ ನೀನೇ ನಂಗೆ ಹೇಳ್ಕೊಟ್ಟಿದ್ದು, ಮೈ ತಾಗದೆ ಬಾಲ್ ಸಿಗೋ ಜಾಗದಲ್ಲಿ ನೀನು ಇಲ್ದಿದ್ರೆ ಟ್ಯಾಕಲ್‌ಗೇ ಹೋಗ್ಬಾರ್ದು, ಹೋದ್ರೆ ಅಂಪೈರ್ ಹಸಿರು ಕಾರ್ಡ್ ತೋರಿಸಿ 2 ನಿಮಿಷ ಹೊರಗೆ ಕೂರಿಸ್ತಾನೆ ಅಂತ. ಹಾಕಿಗೊಂದು ನ್ಯಾಯ, 300 ಕಿಲೋಮೀಟರ್ ಸ್ಪೀಡಲ್ಲಿ ಹೋಗೋರಿಗೊಂದು ನ್ಯಾಯನಾ?

ನೋಯ್ಡಾದಲ್ಲಿ 2023ರ ಸ್ಪ್ರಿಂಟ್, ಅದೇ ಶನಿವಾರದ ಚಿಕ್ಕ ರೇಸು, ನೋಡೋಕೆ ಇಬ್ರೂ ಹೋಗಿದ್ವಲ್ಲ, ಮೊದಲ್ನೇ ತಿರುವಲ್ಲೇ ಮರೀನಿ ತನ್ನ ಟೀಮಿನ ಬೆಜ್ಜೆಕಿಗೇ ಹಿಂದಿಂದ ತಾಗಿ ಬಿದ್ದು ಎಡಗಡೆ ಕಾಲರ್ ಬೋನ್ ಮುರ್ಕೊಂಡ, ಬೆಜ್ಜೆಕಿ ಮಾರನೇ ದಿನ ದೊಡ್ಡ ರೇಸೇ ಗೆದ್ದ. ಮರೀನಿ ಕಾಲರ್ ಬೋನ್ ಹೋಯ್ತಂತೆ ಅಂತ ಗೊತ್ತಾದಾಗ ನೀನು ಸುಮ್ನೆ ನಿನ್ನ ಭುಜ ಮುಟ್ಕೊಂಡೆ. ನಾನು ನೋಡಿದೆ. ನೋಡಿ ಜೂಸ್ ತರೋಕೆ ಹೋದೆ.

ಗೋಣಿಕೊಪ್ಪದ ಹತ್ರ ಆ ಕುಯ್ಲು ಮುಗಿದ ಗದ್ದೇಲಿ ನಮ್ಮ ಬೈಕ್ ರೇಸು, ಬದು ಪಕ್ಕದ ಎಡ ತಿರುವು. ನೀನು ಎಡಗಾಲು ಚಾಚಿಕೊಂಡು ತಿರುಗ್ತಿದ್ದೆ, ಬೂಟು ಕೂಳೆ ಮೇಲೆ ಎಳ್ಕೊಂಡು ಹೋಗ್ತಾ ಇತ್ತು, ಒಣಮಣ್ಣು ನನ್ನ ಹೆಲ್ಮೆಟ್ ಗ್ಲಾಸಿಗೆ ಪಟಪಟ ಬಡೀತಿತ್ತು. ನಿನ್ನ ಮೊಣಕಾಲಿಗೂ ಬದುಗೂ ನಡುವೆ ನನ್ನ ಆರ್‌ಎಕ್ಸ್ ಹ್ಯಾಂಡಲ್ ತೂರೋ ಅಷ್ಟು ಜಾಗ ಇರ್ಲಿಲ್ಲ. ಇಲ್ಲ ಅಂತ ನಂಗೆ ಕಾಣಿಸ್ತಿತ್ತು. ಇವನು ಸರೀತಾನೆ ಬಿಡು ಅಂದ್ಕೊಂಡು ಹೋದೆ. ನಿನ್ನ ಬೈಕಿಗೆ ಒರಗಿದ್ರಿಂದ ನಾನು ತಿರುಗಿದ್ದು, ಇಲ್ದಿದ್ರೆ ಪಕ್ಕದ ಗದ್ದೇಲಿ ಇರ್ತಿದ್ದೆ. ಇಷ್ಟು ವರ್ಷ ಎಲ್ರಿಗೂ ಗ್ಯಾಪ್ ಇತ್ತು ಅಂತಲೇ ಹೇಳ್ಕೊಂಡು ಬಂದೆ, ನೀನು ವಿರಾಜಪೇಟೆ ಆಸ್ಪತ್ರೆ ಮಂಚದ ಮೇಲೆ ಕೈ ಕಟ್ಟಿಸ್ಕೊಂಡು "ರೇಸ್ ಅಂದ್ರೆ ಹಂಗೇ ಬಿಡೋ" ಅಂದೆ, ನಾನು ಅದನ್ನೇ ಗಟ್ಟಿಯಾಗಿ ಹಿಡ್ಕೊಂಡೆ. ಮೊನ್ನೆ ಫೋನಲ್ಲಿ ನೀನು ವಾದ ಮಾಡಿದ್ದು ಮಾರ್ಕ್ವೆಜ್ ಪರವಾಗಾ ನನ್ನ ಪರವಾಗಾ ಗೊತ್ತಾಗ್ಲಿಲ್ಲ.

ಆ ರೇಸಿನ ಕಪ್ಪಲ್ಲಿ ಈಗ ಅಮ್ಮ ಏಲಕ್ಕಿ ಹಾಕಿಡ್ತಾರೆ. ಹುತ್ತರಿಗೆ ಬರ್ತೀಯಲ್ಲ, ಬಂದಾಗ ಮಾತಾಡೋಣ, ಆಗ ನಾನು ಜೂಸ್ ತರೋಕೆ ಎದ್ದು ಹೋಗಲ್ಲ. ಚಳಿಗೆ ಭುಜ ಇನ್ನೂ ಹಿಡ್ಕೊಳ್ತದಾ? ಒಂದ್ಸಲಾನೂ ಕೇಳ್ಲಿಲ್ಲ ನೋಡು ನಾನು.

ನಿನ್ನ,
ಹಿಂದಿಂದ ಬಂದೋನು